ಕಂಪನಿಯ ರೊಟ್ಟಿ

ಸಂಜೆಯ ಚಹಾ ಮುಗಿಸಿ, ಧಾರವಾಡದ ತಂಗಾಳಿಗೆ ಮುಖವೊಡ್ಡಿ, ನಿದ್ರೆಗೂ ಎಚ್ಚರಕ್ಕೂ ನಡುವೆ ತೇಲುತ್ತಿದ್ದಾಗ ಫೋನು ಬಂತು. ಹತ್ತಿರದ ಹಳ್ಳಿ ಮುಗದದ ಗೆಳೆಯ ಬಸಣ್ಣ. "ಪ್ಯಾಟಿಗೆ ಬಂದೇನಿ. ಚಾಕ್ಕ ಕಂಪನಿ ಕೊಡಾಕ ಬರ್ತೀಯೇನು?" ಎಂದ.

ಚಪ್ಪಲಿ ಮೆಟ್ಟಿ ಹೊರಟೆನಾದರೂ ಮನಸ್ಸು ಆ ಪದದ ಬೆನ್ನು ಹತ್ತಿತು; ನಿವೃತ್ತ ಇಂಗ್ಲಿಷ್ ಮಾಸ್ತರರಿಗೆ ಇದೊಂದು ವಾಸಿಯಾಗದ ವ್ಯಾಧಿ. ವ್ಯಾಪಾರಕ್ಕೆಂದು ಬಂದು ರಾಜ್ಯವನ್ನೇ ನುಂಗಿದ್ದು ಕಂಪನಿ; ಬಣ್ಣದ ಪರದೆಗಳನ್ನು ಹೇರಿಕೊಂಡು ಊರೂರು ಅಲೆದು ನಮ್ಮಜ್ಜನ ನಿದ್ದೆಗೆಡಿಸಿದ ನಾಟಕದವರೂ ಕಂಪನಿ; ಸಿಪಾಯಿಗಳ ತುಕಡಿಯೂ ಕಂಪನಿ; ಕನ್ಯಾಪಿತೃಗಳು ವರನ ಬಗ್ಗೆ "ಯಾವ ಕಂಪನಿರಿ?" ಎಂದು ವಿಚಾರಿಸುವುದೂ ಅದನ್ನೇ. ಇಷ್ಟೆಲ್ಲ ಅವತಾರವೆತ್ತಿದ ಮಹಾಶಯನ ಜನ್ಮಸ್ಥಾನ ಹುಡುಕುತ್ತ ಲ್ಯಾಟಿನ್ನಿಗೆ ಹೋದರೆ, ಅಲ್ಲಿ ಸಿಗುವುದು ಬರೀ ರೊಟ್ಟಿ! ಕೂಡಿ ರೊಟ್ಟಿ ತಿನ್ನುವವರು ಎಂಬುದೇ ಅದರ ಮೂಲಾರ್ಥವಂತೆ. ವರ್ಷಾನುಗಟ್ಟಲೆ ಇದನ್ನು ಪಾಠ ಮಾಡಿದ ನನಗೆ ಅದು ತಿಳಿದದ್ದು ಮಾತ್ರ ಮುಗದದಲ್ಲಿ.

ಬಸಣ್ಣನ ಹೆಂಡತಿ ತೀರಿಕೊಂಡ ಮರುದಿನ, ಸಾವಿನ ಮನೆಗೆ ಹೊರೆಯಾಗಬಾರದೆಂಬ ಪಟ್ಟಣದ ಸೌಜನ್ಯದಿಂದ ನಾನು ಹೊಟ್ಟೆ ತುಂಬ ಉಂಡೇ ಹೋಗಿದ್ದೆ. ಒಲೆ ಹೊತ್ತದ ಆ ಮನೆಗೆ ನೆರೆಮನೆಯ ಗಂಗಕ್ಕ ರೊಟ್ಟಿ, ಪುಂಡಿಪಲ್ಯದ ಬುತ್ತಿ ತಂದಿದ್ದರು. ಬಸಣ್ಣ ಮಾತ್ರ ನೀರನ್ನೂ ಮುಟ್ಟದೆ ಗೋಡೆಗೊರಗಿ ಕೂತಿದ್ದ. ಅವನನ್ನು ನೋಡಿ ನನಗೆ ಭಯವಾಯಿತು. ಗಂಗಕ್ಕ ನನಗೂ ತಾಟು ಇಟ್ಟರು.

"ನನ್ನ ಊಟ ಆಗೇದರಿ," ಎಂದೆ.

"ಇಂಥಾ ಮನಿಗಿ ಯಾರರ ಉಂಡು ಬರ್ತಾರೇನ್ರಿ ಮಾಸ್ತರ? ಬುತ್ತಿ ಯಾರರ ತರ್ತಾರ, ಜೋಡಿ ಕುಂತು ಉಣ್ಣಾವ್ರು ಬೇಕಲ್ರಿ. ನೀವು ರೊಟ್ಟಿ ಮುರದ್ರ ಅವರೂ ಮುರೀತಾರ. ಕುಂಡರ್ರಿ."

ಕೂತೆ. ತುಂಬಿದ ಹೊಟ್ಟೆಗೆ ತುತ್ತುಗಳನ್ನು ತುರುಕತೊಡಗಿದೆ. ಬಸಣ್ಣ ಬಹಳ ಹೊತ್ತು ನನ್ನನ್ನೇ ನೋಡಿದ. ಆಮೇಲೆ ತನ್ನ ತಾಟನ್ನು ಬಿಟ್ಟು, ನನ್ನ ರೊಟ್ಟಿಯ ಅಂಚನ್ನೇ ಮುರಿದು ಬಾಯಿಗಿಟ್ಟುಕೊಂಡ. ನನಗೆ ಅಳು ತಡೆಯಲಾಗಲಿಲ್ಲ.

ಇದನ್ನೆಲ್ಲ ಮೆಲುಕು ಹಾಕುತ್ತ ಯಾವಾಗ ಚಹಾದಂಗಡಿ ಮುಟ್ಟಿದೆನೋ ತಿಳಿಯಲಿಲ್ಲ. ಬಸಣ್ಣ ಬೆಂಚಿನ ಮೇಲೆ ಸರಿದು ಜಾಗ ಕೊಟ್ಟ. "ನಿಂದು ಚಾ ಆಗಿಲ್ಲಲಾ?"

"ಇನ್ನೂ ಎಲ್ಲೀದೋ," ಎಂದೆ, ನಿಸ್ಸಂಕೋಚವಾಗಿ.

ಅವನು ನನ್ನ ಮುಖವನ್ನೇ ದಿಟ್ಟಿಸಿ, ಹೆಗಲ ಮೇಲಿನ ಟವೆಲ್ಲು ತೆಗೆದು ಕೈಗಿತ್ತ. "ಮೀಸಿ ಒರಸ್ಕೊ. ಕೆನಿ ಹತ್ತೇತಿ," ಎಂದವನೇ, ಎರಡು ಚಹಾ ಹೇಳಿದ.