ಚೌರಿ ದೇವಿರಮ್ಮನ ಕಾಲಿನ ಗಂಟು

ಮೇಟಗಳ್ಳಿಯ ಓಣಿಗೆ ಇನ್ನೂ ಹಾಲಿನವನೂ ಬಂದಿಲ್ಲ. ದೇವಿರಮ್ಮ ಹೊಸ್ತಿಲಾಚೆ ಚಾಪೆ ಹಾಸಿ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಬಲಗಾಲು ನೀಡಿ ಕೂತಿದ್ದಾರೆ. ಕರಿ ನೂಲಿನ ಎಳೆಗಳನ್ನು ಕಾಲಿನ ಮೇಲಿಟ್ಟು ಅಂಗೈಯಿಂದ ಉಜ್ಜಿದರೆ ಸಾಕು, ಬಿಗಿಯಾದ ಹುರಿ ಹಾವಿನ ಮರಿಯಂತೆ ಇಳಿಯುತ್ತದೆ. ಆ ಹುರಿಗೆ ಕೂದಲು ಕಟ್ಟುತ್ತಾ ಹೋದರೆ ಚೌರಿ. ಮದುಮಗಳ ಜಡೆ, ಭರತನಾಟ್ಯದ ಹುಡುಗಿಯ ಜಡೆ, ನಾಟಕದ ರಾಣಿಯ ಜಡೆ ಉದ್ದವಾಗುವುದು ಈ ಕಾಲಿನ ಮೇಲೆಯೇ.

ಗಂಡ ಮಂಟಯ್ಯ ಕಾರ್ಖಾನೆಯ ಮೂಟೆ ಹೊತ್ತು ಬೆನ್ನು ಕಳೆದುಕೊಂಡ ಮೇಲೆ ಮನೆ ನಿಂತದ್ದು ಚೌರಿಯ ಮೇಲೆ. ಹೆಂಗಸರು ಬಾಚುವಾಗ ಉದುರಿದ ಕೂದಲನ್ನು ಉಂಡೆ ಕಟ್ಟಿ, ವರ್ಷಗಟ್ಟಲೆ ಕೂಡಿಟ್ಟು ತರುತ್ತಾರೆ. ಒಬ್ಬರ ಕೂದಲಿಗೆ ಇನ್ನೊಬ್ಬರದನ್ನು ದೇವಿರಮ್ಮ ಬೆರೆಸುವುದಿಲ್ಲ. ಅವರ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ, ಹೊಳೆಯಲ್ಲಿ ತೇಲಿಬಂದ ಒಂದು ಕೂದಲೆಳೆ ಹಿಡಿದು ರಾಜಕುಮಾರ ಊರೂರು ಅಲೆದಿದ್ದ. ಇಲ್ಲಿ ರಾಜಕುಮಾರಿಯರೇ ಕವರು ಹಿಡಿದು ಬಾಗಿಲಿಗೆ ಬರುತ್ತಾರೆ.

ಹೋದ ವರ್ಷ ಹುರಿ ಹೊಸೆಯುವ ಜಾಗದಲ್ಲೇ, ಬಲ ಮೊಣಕಾಲಿನ ಕೆಳಗೆ, ಒಂದು ಗಂಟು ಎದ್ದಿತು. ಹುಣಸೆ ಬೀಜದಷ್ಟಿದ್ದದ್ದು ಅಡಿಕೆಯಷ್ಟಾಯಿತು, ಮುಟ್ಟಿದರೆ ಕಲ್ಲು. ದೇವಿರಮ್ಮ ಯಾರಿಗೂ ಹೇಳದೆ ಎಡಗಾಲಿಗೆ ಬದಲಾಯಿಸಿದರು. ಎಡಗೈಗೆ ಆ ಹದ ಬರಲಿಲ್ಲ. ಹುರಿ ಸಡಿಲವಾಗಿ ಕೂದಲು ಜಾರತೊಡಗಿತು. ಗುಟ್ಟು ಹಿಡಿದವಳು ಸೊಸೆ ಧರಣಿ.

“ಊರೋರ ಜಡೆಯೆಲ್ಲ ನೆಟ್ಟಗೆ ಮಾಡ್ತೀರಿ, ಸ್ವಂತ ಕಾಲು ತೋರ್ಸೋಕೆ ನಾಚ್ಕೆನಾ ಅತ್ತೆ?” ಎಂದು ಬೈದು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಗಂಟು ತೆಗೆದು ಪರೀಕ್ಷೆಗೆ ಕಳಿಸಿದರು. ಆಸ್ಪತ್ರೆಯಿಂದ ಫೋನು ಬಂತು: ಕ್ಯಾನ್ಸರ್ ಅಲ್ಲ, ಕೂದಲಿನ ಬುಡದಿಂದ ಹುಟ್ಟಿದ ಗಡ್ಡೆ. ಧರಣಿ ನಿರಾಳವಾದಳು. ದೇವಿರಮ್ಮನಿಗೆ ಮಾತ್ರ ಕೊನೆಯ ಮಾತು ಚುಚ್ಚಿಕೊಂಡಿತು.

“ಇಷ್ಟು ವರ್ಸ ಕಂಡೋರ ಕೂದ್ಲ ಈ ಕಾಲ್ ಮ್ಯಾಲೆ ಆಕ್ಕೊಂಡು ಕೂತಿವ್ನಿ. ಅದೇ ಒಳೀಕೆ ಓಗಿ ಬೇರು ಬುಟ್ಟದೆ ಅನ್ಕಂಡೆ ಕಣಮ್ಮ. ನಂಗಾದ್ರೆ ಆಗ್ಲಿ. ನಾನು ಕಟ್ಟಿದ್ದ ಮುಡ್ಕೊಂಡ ಮಕ್ಳಿಗೆ ಎಂಗೆ?” ಎಂದು ಆ ದಿನಗಳನ್ನು ನೆನೆದು ನನಗೆ ಹೇಳಿದರು.

ಆಗ ಅವರ ಕೈಯಲ್ಲಿದ್ದದ್ದು ಲಹರಿಯ ಚೌರಿ. ರಂಗಪ್ರವೇಶಕ್ಕೆ ಅಮ್ಮನ ಕೂದಲಿನ ಜಡೆಯೇ ಬೇಕೆಂದು ಆಸೆಪಟ್ಟ ಹುಡುಗಿ. ದೇವಿರಮ್ಮ ಅರ್ಧ ಕಟ್ಟಿದ್ದನ್ನು ಕವರಿಗೆ ಹಾಕಿ ವಾಪಸ್ ನೀಡಿದರು. “ಬ್ಯಾಡ ಕಣವ್ವ, ಅಂಗಡಿದು ತಕ್ಕೊ.”

ಲಹರಿ ಕವರನ್ನು ಮುಟ್ಟಲಿಲ್ಲ. “ನಮ್ಮಮ್ಮನ ಬೈಗುಳಾನೇ ನಂಗೆ ತಾಕಿಲ್ಲ ಅಜ್ಜಿ, ಕೂದಲು ತಾಕುತ್ತಾ?”

ಅಜ್ಜಿ ನಗಲಿಲ್ಲ. ಕೆಲಸ ನಿಂತೇಹೋಯಿತು. ಹೊಲಿಗೆ ಬಿಚ್ಚಿಸುವ ದಿನ ಧರಣಿಯೇ ಡಾಕ್ಟರ್ ಸುಚಿತ್ರಾ ಅವರ ಮುಂದೆ ಬಾಯಿಬಿಟ್ಟಳು. ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದರಂತೆ: “ಅಮ್ಮ, ಹೊರಗಿನ ಕೂದಲು ಒಳಗೆ ಹೋಗಿ ಬೆಳೆದದ್ದಲ್ಲ ಇದು. ನಿಮ್ಮ ಕಾಲಿನದೇ ಒಂದು ಕೂದಲಿನ ಬುಡ ದಾರಿ ತಪ್ಪಿ ಗಂಟಾಗಿತ್ತು, ಅಷ್ಟೇ. ಯಾರಿಗೂ ಅಂಟಲ್ಲ. ಸಾಮಾನ್ಯವಾಗಿ ಮುಖಕ್ಕೋ ಕುತ್ತಿಗೆಗೋ ಬರುತ್ತೆ. ನಿಮ್ಮದು ಕಾಲಿಗೆ ಬಂದು ಕೂತಿತ್ತು, ಅದಕ್ಕೇ ರಿಪೋರ್ಟ್ ಬರೋವರೆಗೆ ನನಗೂ ಗೊತ್ತಾಗಲಿಲ್ಲ.”

“ನಂದೇನಾ ಡಾಕ್ಟ್ರಮ್ಮ?” ದೇವಿರಮ್ಮ ಮತ್ತೆ ಮತ್ತೆ ಕೇಳಿದರಂತೆ. “ಪೂರಾ ನಂದೇನಾ?”

ಈಗ ಓಣಿಗೆ ಬಿಸಿಲು ಇಳಿಯುತ್ತಿದೆ. ಕಾಲಿನ ಗಾಯದ ಗೆರೆಯನ್ನು ತಪ್ಪಿಸಿ, ಒಂದು ಬೆರಳು ಪಕ್ಕಕ್ಕೆ, ಹುರಿ ಮತ್ತೆ ಬಿಗಿಯಾಗಿ ಉರುಳುತ್ತಿದೆ. ಲಹರಿಯ ಚೌರಿ ಮುಗಿಯುತ್ತಾ ಬಂದಿದೆ. ದೇವಿರಮ್ಮನ ಸ್ವಂತ ಜಡೆ ಬೆರಳಿನಷ್ಟು ಸಣ್ಣದು. ಅದರಿಂದ ಉದುರಿದ್ದನ್ನು ಅವರು ಎಂದೂ ಎತ್ತಿಟ್ಟವರಲ್ಲ, ಒಲೆಗೆ ಹಾಕುತ್ತಿದ್ದರು. ಈಚೆಗೆ ಬಾಗಿಲ ಹಿಂದಿನ ಮೊಳೆಗೆ ಪುಟ್ಟ ಕವರೊಂದು ನೇತಾಡುತ್ತಿದೆ.

“ಏನಜ್ಜಿ, ನಿಮಗೂ ಚೌರಿನಾ?” ಎಂದು ಕೇಳಿದೆ.

“ಊಂ ಕಣಮ್ಮ. ಗೇಣುದ್ದ ಆದ್ರೆ ಸಾಕು,” ಎಂದು ಹುರಿಯನ್ನು ಎಳೆದು ಬಿಗಿ ನೋಡುತ್ತಾರೆ. “ಎಲ್ರ ಕೂದ್ಲೂ ಈ ಕಾಲ್ ಮ್ಯಾಲೆ ಜಡೆ ಆಯ್ತು. ನಂದೊಂದೇ ಗಂಟಾಗಿ ಕೂತ್ಬುಟ್ಟಿತ್ತು. ಅದ್ಕೂ ಒಂದು ಜಡೆ ಕಟ್ಬುಡ್ತೀನಿ.”