ಎರಡನೇ ಹೊಳಬಸಪ್ಪನ ಮೊಣಕಾಲು

ಇಳಕಲ್ಲಿನ ಪೇಟೆಯಲ್ಲಿ ಒಂದು ಕಲ್ಲು ಎಸೆದರೆ ಅದು ನಾಲ್ಕು ಮಂದಿ ಹೊಳಬಸಪ್ಪರಿಗೆ ತಾಗಿ ಐದನೆಯವನ ಕಾಲ ಬುಡದಲ್ಲಿ ಬೀಳುತ್ತಿತ್ತು. ಆದ್ದರಿಂದ ಊರವರು ಒಬ್ಬೊಬ್ಬನಿಗೂ ಒಂದೊಂದು ಬಾಲ ಅಂಟಿಸಿದ್ದರು. ಎಣ್ಣಿ ಹೊಳಬಸಪ್ಪ, ಕಿವುಡ ಹೊಳಬಸಪ್ಪ, ಬೀಗರ ಮನಿ ಹೊಳಬಸಪ್ಪ. ನಮ್ಮವನು ಎರಡನೇ ಹೊಳಬಸಪ್ಪ. ಓಟದ ಸ್ಪರ್ಧೆ ಎಲ್ಲೇ ಇರಲಿ, ಎಷ್ಟೇ ಮಂದಿ ಓಡಲಿ, ಅವನು ಎರಡನೆಯವನಾಗಿಯೇ ಬರುತ್ತಿದ್ದ. ಒಮ್ಮೆ ಇಬ್ಬರೇ ಓಡಿದ್ದರು. ಆಗಲೂ ಎರಡನೆಯವನೇ.

ಅವನು ಸೀರೆ ನೇಯುವವನು. ಹಗಲೆಲ್ಲ ಕುಣಿಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ತುಳಿಯುವ ಕೆಲಸ. ಮೈ ಕೂತಲ್ಲೇ ಕೂತಿರುತ್ತಿತ್ತು, ಕಾಲುಗಳಷ್ಟೇ ದುಡಿಯುತ್ತಿದ್ದವು. ಇಪ್ಪತ್ತೆರಡು ವಯಸ್ಸಿಗೆ ಅವು ಕಾಶಿಗೆ ಹೋಗಿ ಬರುವಷ್ಟು ತುಳಿದಿದ್ದವು, ಕಾಶಿ ಮಾತ್ರ ಕಂಡಿರಲಿಲ್ಲ. ಆ ಸಿಟ್ಟಿಗೋ ಏನೋ, ನಸುಕಿನಲ್ಲಿ ಹೊರಗೆ ಬಿಟ್ಟರೆ ಸಾಕು, ಒಡೆಯನನ್ನು ಕೇಳದೆ ಹುನಗುಂದದ ದಾರಿ ಹಿಡಿದು ಓಡುತ್ತಿದ್ದವು. ಒಡೆಯ ಕುದುರೆಯ ಮೇಲೆ ಕೂತವನಂತೆ ಜೊತೆಗೆ ಹೋಗುತ್ತಿದ್ದ.

ಎಪ್ಪತ್ನಾಲ್ಕನೇ ಇಸವಿಯಲ್ಲಿ ಬಾದಾಮಿಯ ಹೊಂಡ ಸುತ್ತುವ ಓಟದಲ್ಲಿ ಅವನು ಮುಂದಿದ್ದ. ಮಂಗವೊಂದು ಹೆಗಲಿಗೆ ಹಾರಿ ಅವನ ಟೋಪಿ ಕಿತ್ತುಕೊಂಡಿತು. ಇವನು ಟೋಪಿಗಾಗಿ ನಿಂತ, ಹುನಗುಂದದ ಗುರಪ್ಪ ಮುಂದೆ ಹೋದ. ಎಪ್ಪತ್ತಾರರಲ್ಲಿ ಬಾಗಲಕೋಟೆಯ ಗಲ್ಲಿಯ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ನಿಂತಿತ್ತು. ಗುರಪ್ಪ ಅದರ ಹೊಟ್ಟೆಯ ಕೆಳಗೆ ನುಸುಳಿ ಹೋದ. ಹೊಳಬಸಪ್ಪ "ಸರಿಯವ್ವಾ, ಸರಿ" ಎಂದು ಬೇಡಿಕೊಳ್ಳುತ್ತ ನಿಂತ. ಗುರಪ್ಪನದು ಹುನಗುಂದದಲ್ಲಿ ಸೈಕಲ್ ರಿಪೇರಿ ಅಂಗಡಿ. ಕೊಕ್ಕರೆಯಂಥ ಕಾಲು, ಕಡಿಮೆ ಮಾತು. ಪ್ರತಿಸಲ ಗೆದ್ದಾದ ಮೇಲೆ ಹಿಂದಿರುಗಿ ನೋಡಿ, "ಬಂದ್ಯಾ?" ಎನ್ನುತ್ತಿದ್ದ. ಅದರಲ್ಲಿ ಕುಹಕ ಇರಲಿಲ್ಲ. ಹೊಳಬಸಪ್ಪನಿಗೆ ಮಾತ್ರ ಆ ಒಂದು ಮಾತು ಊಟದಲ್ಲಿ ಹರಳು ಸಿಕ್ಕಂತೆ ಆಗುತ್ತಿತ್ತು. ಸಾಯುವುದರೊಳಗೆ ಒಂದೇ ಒಂದು ಸಲ ತಾನು ಹಿಂದಿರುಗಿ "ಬಂದ್ಯಾ?" ಎನ್ನಬೇಕು, ಅಷ್ಟೇ ಅವನ ಆಸೆ.

ಎಪ್ಪತ್ತೆಂಟರ ಜನವರಿ ಇಪ್ಪತ್ತಾರಕ್ಕೆ ಹುನಗುಂದದಿಂದ ಇಳಕಲ್ಲಿಗೆ, ಹೆಚ್ಚೂಕಡಿಮೆ ಎಂಟು ಮೈಲಿನ ಓಟ ಎಂದು ಡಂಗುರ ಹೊಡೆಸಿದರು. ಸ್ವಂತ ಊರಿನಲ್ಲಿ ಮುಗಿಯುವ ಓಟ. ಹೊಳಬಸಪ್ಪ ಹಗಲು ಹತ್ತು ತಾಸು ಮಗ್ಗ ತುಳಿದು, ಬೆಳಗ್ಗೆ ಹತ್ತು ಮೈಲು, ಸಂಜೆ ಐದು ಮೈಲು ಓಡತೊಡಗಿದ. ಡಿಸೆಂಬರ್ ಮುಗಿಯುವುದರೊಳಗೆ ಬಲ ಮೊಣಕಾಲು ಕಟಕ್ಕೆಂದಿತು. ಆ ಸಪ್ಪಳ ಮರೋಳದ ತನಕ ಕೇಳಿತೆಂದು ಹೇಳುವವರಿದ್ದರು. ಮರುದಿನ ಅದು ಕುಂಬಳಕಾಯಿಯಷ್ಟಾಗಿ, ಧೋತರದೊಳಗೆ ಯಾರದೋ ತಲೆ ಅಡಗಿಸಿಟ್ಟಂತೆ ಕಾಣುತ್ತಿತ್ತು.

ದವಾಖಾನೆಯ ಡಾಕ್ಟರು ಒತ್ತಿ ನೋಡಿ, "ಎರಡು ತಿಂಗಳು ಓಡಬ್ಯಾಡ, ಮಗ್ಗಾನೂ ತುಳಿಬ್ಯಾಡ," ಎಂದರು.

"ಮತ್ತ ಏನ್ ಮಾಡ್ಲಿರಿ?"

"ಕುಂದರು."

ಕುಳಿತ. ತಾಯಿ ಸಿದ್ದವ್ವ ಎಕ್ಕೆಯ ಎಲೆ ಬಿಸಿ ಮಾಡಿ ಕಟ್ಟಿದಳು, ಇಟ್ಟಿಗೆ ಕಾಸಿ ಒತ್ತಿದಳು. ಕಡೆಗೆ ಶಿವಯೋಗ ಮಂದಿರದಿಂದ ತಂದಿಟ್ಟಿದ್ದ ವಿಭೂತಿಯನ್ನು ಕಣ್ಣು ಮುಚ್ಚಿ ಹಚ್ಚಿದಳು. ಸಿದ್ದವ್ವ ಕೊರಳಿನ ಲಿಂಗ ಪೂಜಿಸದೆ ಹನಿ ನೀರು ಕುಡಿಯುವವಳಲ್ಲ. ಕೋಳಿ ತಿರುಗಾಡಿದ ಅಂಗಳಕ್ಕೆ ಎರಡು ಸಲ ಸಗಣಿ ಸಾರಿಸುವವಳು. ಮೊಣಕಾಲು ಮಾತ್ರ ಯಾವುದಕ್ಕೂ ಬಗ್ಗಲಿಲ್ಲ.

ಹೀಗಿರುವಾಗ ಮಗ್ಗಕ್ಕೆ ಬಣ್ಣದ ರೇಷ್ಮೆ ಕೊಡಲು ಅಕ್ಬರಸಾಬ ಬಂದ. ನೂಲಿಗೆ ಬಣ್ಣ ಹಾಕುವುದು ಅವನ ಕಸುಬು. ಮೊಣಕೈ ತನಕ ಕೈ ಸದಾ ಕೆಂಪು, ಹಬ್ಬಕ್ಕೆ ಹೊಸ ಅಂಗಿ ಹಾಕಿದರೂ ಕೈ ಮಾತ್ರ ಹಳೆಯ ಬಣ್ಣದ್ದೇ. ಅದರ ಜೊತೆ ಅಪ್ಪನಿಂದ ಬಂದ ಇನ್ನೊಂದು ವಿದ್ಯೆ, ಉಳುಕು ಮುರಿತಕ್ಕೆ ಪಟ್ಟಿ ಕಟ್ಟುವುದು. ಸಿದ್ದವ್ವ ಒಳಗೆ ಹೋದದ್ದನ್ನು ನೋಡಿ ಅವನು ಮೊಣಕಾಲು ಹಿಡಿದು ಸುತ್ತ ಬೆರಳಾಡಿಸಿದ.

"ಎಲುವು ಸರಿ ಐತಿ. ನರ ಸರದೈತಿ. ಮೂರು ಪಟ್ಟಿ ಕಟ್ಟಿದರ ಓಡ್ತಿ."

"ಪಟ್ಟ್ಯಾಗ ಏನ್ ಹಾಕ್ತಿ?"

"ಉದ್ದಿನ ಹಿಟ್ಟು." ಅಕ್ಬರಸಾಬ ದನಿ ತಗ್ಗಿಸಿದ. "ಮತ್ತ ಕೋಳಿ ತತ್ತಿ."

ಹೊಳಬಸಪ್ಪನ ಕೈ ತಾನಾಗಿ ಕೊರಳಿನ ಲಿಂಗಕ್ಕೆ ಹೋಯಿತು. "ನಮ್ಮವ್ವಗ ಗೊತ್ತಾದರ ನನ್ನ ಹೊರಗ ಹಾಕಿ ಮನಿ ತೊಳಿತಾಳ."

"ತಿನ್ನು ಅನ್ನಾಕತ್ತಿಲ್ಲಲೇ. ಮೊಣಕಾಲಿಗಿ ಬಾಯಿ ಐತೇನು?"

ಒಂದು ದಿನ ಯೋಚಿಸಿದ. ಮರುದಿನ ಹಿತ್ತಲ ಸಂದಿಯಿಂದ, ಮಗ್ಗದ ಮಂದಿ ಯಾರೂ ಕಾಣದಂತೆ ಕುಂಟುತ್ತ ಅಕ್ಬರಸಾಬನ ಮನೆಗೆ ಹೋದ. ಅವನ ಹೆಂಡತಿ ಕಾಸಿಂಬಿ ಏನೂ ಕೇಳದೆ ಬಾಗಿಲ ಪರದೆ ಇಳಿಬಿಟ್ಟು, ತತ್ತಿ ಒಡೆದು ಬಿಳಿಯದನ್ನು ಬೇರೆ ಮಾಡಿ ಕೊಟ್ಟಳು. ತಣ್ಣನೆಯ ಲೇಪ, ಮೇಲೆ ಬಟ್ಟೆ. ಒಣಗಿದ ಮೇಲೆ ಪಟ್ಟಿ ಮೊಸಳೆ ಹಿಡಿದಂತೆ ಹಿಡಿಯಿತು. ಬಟ್ಟೆಯ ಮೇಲೆ ಅಕ್ಬರಸಾಬನ ಐದು ಕೆಂಪು ಬೆರಳು ಮೂಡಿದ್ದವು. ಇಳಕಲ್ಲಿನಲ್ಲಿ ಆ ಬೆರಳು ಯಾರವೆಂದು ಕೂಸೂ ಹೇಳುತ್ತಿತ್ತು. ಹೊಳಬಸಪ್ಪ ಮನೆ ಮುಟ್ಟುವ ಮೊದಲೇ ಜೇಬಿನಿಂದ ವಿಭೂತಿ ಗಟ್ಟಿ ತೆಗೆದು, ಅರೆದು, ಬೆರಳಿನ ಗುರುತು ಮುಚ್ಚುವ ತನಕ ಹಚ್ಚಿದ. ಸಿದ್ದವ್ವ ನೋಡಿ ಹಿಗ್ಗಿದಳು. ಮಗನಿಗೆ ಭಕ್ತಿ ಬಂದಿತ್ತು.

ನಾಲ್ಕನೆಯ ದಿನಕ್ಕೆ ವಾಸನೆಯೂ ಬಂತು.

"ಇಲಿ ಸತ್ತೈತಿ," ಎಂದಳು ಸಿದ್ದವ್ವ. ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಹೊರಗೆ ಇಟ್ಟರು. ಜೋಳದ ಚೀಲ ಸರಿಸಿದರು. ಮಗ್ಗದ ಕುಣಿಯೊಳಗೆ ಹೊಳಬಸಪ್ಪನ ಹೆಂಡತಿ ಗುರುಲಿಂಗವ್ವ ದೀಪ ಹಿಡಿದು ಇಳಿದಳು. ಸಿದ್ದವ್ವ ಆ ವಯಸ್ಸಿನಲ್ಲಿ ಅಟ್ಟ ಹತ್ತಿ, ತನ್ನ ಮದುವೆಯ ಕಾಲದ ಕೊಪ್ಪರಿಗೆಯ ಒಳಗೂ ತಲೆ ಹಾಕಿ ನೋಡಿದಳು. ಹೊಳಬಸಪ್ಪ ಕುಂಟುತ್ತ ಅವರ ಹಿಂದೆಯೇ ತಿರುಗಾಡಿ ತಾನೂ ಇಲಿ ಹುಡುಕಿದ. ಅವನು ಹೋದಲ್ಲೆಲ್ಲ ವಾಸನೆ ಹೋಗುತ್ತಿತ್ತು. "ಇಲ್ಲೇ ಐತಿ, ಇಲ್ಲೇ ಐತಿ," ಎಂದು ಸಿದ್ದವ್ವ ಅವನು ನಿಂತ ಜಾಗವನ್ನೇ ತೋರಿಸುತ್ತಿದ್ದಳು. ಮೂರು ದಿನ ಹುಡುಕಿ ಆ ಮುದುಕಿಯ ಸೊಂಟ ಹಿಡಿಯಿತು. ಅಂಗಳದಲ್ಲಿ ಊರ ಬೆಕ್ಕುಗಳು ಸಭೆ ಸೇರಿದವು. ಸಿಗದಿದ್ದ ಇಲಿಗೆ ಹೊಳಬಸಪ್ಪ ಬಾಯಿತುಂಬ ಬೈದ. ಬೈಯುವಾಗ ಮಾತ್ರ ತಾಯಿಯ ಮುಖ ನೋಡಲಿಲ್ಲ.

ಪಟ್ಟಿ ಕೆಲಸ ಮಾಡಿತು. ಹತ್ತನೆಯ ದಿನ ನಡೆದ, ಹದಿನೈದಕ್ಕೆ ಓಡಿದ. ಮೂರನೆಯ ಪಟ್ಟಿಯನ್ನು ಅಕ್ಬರಸಾಬ ಓಟದ ಹಿಂದಿನ ದಿನ ಸ್ವಲ್ಪ ಸಡಿಲಾಗಿ ಕಟ್ಟಿ, ಸುತ್ತಲೂ ಬೆರಳಾಡಿಸಿ ನೋಡಿ, "ಮೊದಲ ನಾಲ್ಕು ಮೈಲು ಗುರಪ್ಪನ ಬೆನ್ನ ಹತ್ತಬ್ಯಾಡ. ಮೊಣಕಾಲು ಹೇಳಿದಂಗ ಕೇಳು," ಎಂದ.

ಓಟದ ದಿನ ಹೊಳಬಸಪ್ಪ ಮೊಣಕಾಲು ಹೇಳಿದಂತೆ ಕೇಳಿದ. ಬೆವರಿಗೆ ಪಟ್ಟಿ ನೆನೆಯಿತು. ನೆನೆದ ಪಟ್ಟಿಯ ವಾಸನೆಗೆ ದಾರಿಯ ಹಳ್ಳಿಗಳ ನಾಯಿಗಳೆಲ್ಲ ಎದ್ದವು. ಹುನಗುಂದದಲ್ಲಿ ಒಂದಿದ್ದದ್ದು ಇಳಕಲ್ಲಿನ ಹೊತ್ತಿಗೆ ನಲವತ್ತಾಗಿದ್ದವು ಎನ್ನುತ್ತಾರೆ. ನಾನು ಇಪ್ಪತ್ತೆಂದು ಇಳಿಸಿ ಹೇಳುತ್ತೇನೆ. ಹಿಂದೆ ಇಪ್ಪತ್ತು ನಾಯಿ ಇದ್ದವನನ್ನು ಕೊಕ್ಕರೆ ಕಾಲಿನವನೂ ಹಿಡಿಯಲಾರ. ಕಡೆಯ ಎರಡು ಮೈಲು ಹೊಳಬಸಪ್ಪ ಮುಂದೆ, ಎರಡು ಮಾರು ಹಿಂದೆ ಗುರಪ್ಪ, ಅವನ ಹಿಂದೆ ನಾಯಿಗಳು. ಗೆರೆ ದಾಟಿ ಅವನು ಹಿಂದಿರುಗಿ "ಬಂದ್ಯಾ?" ಎಂದ. ಗುರಪ್ಪ ಮೂಗು ಒರೆಸಿಕೊಳ್ಳುತ್ತ ನಕ್ಕ.

ಅಲ್ಲಿಗೇ ಮುಗಿದಿದ್ದರೆ ಒಳ್ಳೆಯದಿತ್ತು. ವೇದಿಕೆಯ ಮೇಲೆ ನಿವೃತ್ತ ಮಾಮಲೇದಾರರೊಬ್ಬರು ಅವನಿಗೆ ಹಾರ ಹಾಕಿ, ಮೈಕು ಮುಂದೆ ಹಿಡಿದು ಕೇಳಿದರು, "ಒಂದು ತಿಂಗಳ ಹಿಂದ ಕುಂಟತಿದ್ದೆಂತ. ಮೊಣಕಾಲಿಗಿ ಏನು ಹಚ್ಚಿದಿ? ನಾಲ್ಕು ಮಂದಿಗೆ ತಿಳೀಲಿ."

ಮುಂದಿನ ಸಾಲಿನಲ್ಲಿ ಸಿದ್ದವ್ವ ಕೂತಿದ್ದಳು. ಪಕ್ಕದ ಬೇವಿನ ಮರದ ಕೆಳಗೆ, ಬೇಕಾದರೆ ಇರಲೆಂದು ಇನ್ನೊಂದು ಪಟ್ಟಿಯ ಬಟ್ಟೆ ಹಿಡಿದುಕೊಂಡು ಅಕ್ಬರಸಾಬ ನಿಂತಿದ್ದ. ಹೊಳಬಸಪ್ಪ ಇಬ್ಬರನ್ನೂ ನೋಡಿದ.

"ಶಿವಯೋಗ ಮಂದಿರದ ವಿಭೂತಿರಿ," ಎಂದ. "ಬ್ಯಾರೆ ಏನೂ ಇಲ್ಲ."

ಮೈದಾನವೆಲ್ಲ ಚಪ್ಪಾಳೆ. ಸಿದ್ದವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬೇವಿನ ಮರದ ಕೆಳಗೂ ಎರಡು ಕೆಂಪು ಕೈಗಳು ಚಪ್ಪಾಳೆ ತಟ್ಟಿದವು. ಎಲ್ಲರಿಗಿಂತ ಮೆಲ್ಲಗೆ, ಎಲ್ಲರಿಗಿಂತ ಹೆಚ್ಚು ಹೊತ್ತು.

ಅಕ್ಬರಸಾಬ ಜಗಳವಾಡಿದ್ದರೆ ಹೊಳಬಸಪ್ಪ ಬದುಕಿಕೊಳ್ಳುತ್ತಿದ್ದ. ಅವನು ಮುಂದಿನ ವಾರ ಎಂದಿನಂತೆ ರೇಷ್ಮೆ ತಂದುಕೊಟ್ಟು, "ಮೊಣಕಾಲು ಹೆಂಗೈತಿ?" ಎಂದಷ್ಟೇ ಕೇಳಿದ. ಅಂದಿನಿಂದ ಹೊಳಬಸಪ್ಪ ರೇಷ್ಮೆ ಬರುವ ಹೊತ್ತಿಗೆ ಹಿತ್ತಲಲ್ಲಿ ಏನಾದರೂ ಕೆಲಸ ಹುಡುಕತೊಡಗಿದ. ಸೀರೆಯ ಕೆಂಪು ದಡಿ ನೇಯುವಾಗಲೆಲ್ಲ ನೂಲಿನಲ್ಲಿ ಬೆರಳು ಕಾಣುತ್ತಿದ್ದವು.

ಮರುವರ್ಷ ಮಳೆಗಾಲದಲ್ಲಿ ಗುರಪ್ಪನ ಕಾಲಿನ ಗಂಟು ಕೆಸರಿನಲ್ಲಿ ಹೊರಳಿತು. ಅವನು ಬಸ್ಸು ಹಿಡಿದು ಇಳಕಲ್ಲಿಗೆ ಬಂದು, ಹೊಳಬಸಪ್ಪನ ಕಟ್ಟೆಯ ಮೇಲೆ ಊದಿದ ಕಾಲು ಚಾಚಿ ಕೂತ.

"ಖರೆ ಹೇಳು. ಅವತ್ತ ಏನು ಹಚ್ಚಿದ್ದಿ?"

ಬಾಗಿಲ ಒಳಗೆ ಸಿದ್ದವ್ವ ಕಾಳು ಹಸನು ಮಾಡುತ್ತಿದ್ದಳು. ಮೊರದ ಸಪ್ಪಳ ನಿಂತಿತು.

"ವಿಭೂತಿನಽ," ಎಂದ ಹೊಳಬಸಪ್ಪ.

"ಬರೇ ವಿಭೂತಿ?"

"ಬರೇ ವಿಭೂತಿ."

ಸಿದ್ದವ್ವ ಹೊರಗೆ ಬಂದು, "ತಗೋರಿ, ಭಕ್ತಿಲೆ ಹಚ್ಚರಿ," ಎಂದು ತನ್ನ ಕೈಯಾರೆ ಎರಡು ಗಟ್ಟಿ ಕೊಟ್ಟಳು. ಗುರಪ್ಪ ಭಕ್ತಿಯಿಂದಲೇ ಎರಡು ತಿಂಗಳು ಹಚ್ಚಿದ. ಗಂಟು ಹೊರಳಿದಂತೆಯೇ ಗಟ್ಟಿಯಾಯಿತು. ಅವನು ಮತ್ತೆ ಓಡಲಿಲ್ಲ. ಅದಾದ ಮೇಲೆ ಹೊಳಬಸಪ್ಪ ಎರಡು ವರ್ಷ ಮೊದಲನೆಯವನಾಗಿ ಬಂದ. ಹಿಂದಿರುಗಿ ನೋಡಿದರೆ "ಬಂದ್ಯಾ" ಎಂದು ಕೇಳಬೇಕೆನಿಸುವವರು ಯಾರೂ ಇರಲಿಲ್ಲ. ಮೂರನೆಯ ವರ್ಷ ಮೊಣಕಾಲು ನೋವೆಂದು ಹೇಳಿ ಓಡುವುದನ್ನೇ ಬಿಟ್ಟ. ನಿಜವಾಗಿ ಮೊಣಕಾಲು ಕಲ್ಲಿನಂತೆ ಗಟ್ಟಿಮುಟ್ಟಾಗಿತ್ತು. ಊರವರು ನೋಡುತ್ತಾರೆಂದು ಆಗಾಗ ಕುಂಟುತ್ತಿದ್ದ, ಒಮ್ಮೊಮ್ಮೆ ಯಾವ ಕಾಲೆಂಬುದೇ ಮರೆತುಹೋಗುತ್ತಿತ್ತು.

ಎಂಬತ್ನಾಲ್ಕರಲ್ಲಿ ಸಿದ್ದವ್ವ ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡಳು. ದವಾಖಾನೆಗೆ ನಡೆ ಎಂದರೆ ಒಲ್ಲೆ ಎಂದಳು.

"ನಿನ್ನ ಮೊಣಕಾಲು ದವಾಖಾನ್ಯಾಗ ನೆಟ್ಟಗಾತೇನು? ಆ ವಿಭೂತಿ ಹಚ್ಚು."

ಗುರುಲಿಂಗವ್ವ ಗಟ್ಟಿ ತಂದು ಅವನ ಕೈಯಲ್ಲಿಟ್ಟಳು. ಹೊಳಬಸಪ್ಪ ಅದನ್ನು ಹಿಡಿದು ತಾಯಿಯ ಸೊಟ್ಟಗಾದ ಮುಂಗೈ ನೋಡಿದ. ಅದು ಅವನಿಗೆ ಗುರಪ್ಪನ ಕಾಲಿನ ಗಂಟಿನಂತೆಯೇ ಕಂಡಿತು.

"ಯವ್ವಾ," ಎಂದ. "ಅದು ವಿಭೂತಿ ಅಲ್ಲಬೇ. ಅಕ್ಬರಸಾಬನ ಪಟ್ಟಿ. ತತ್ತಿದು."

ಸಿದ್ದವ್ವ ಒಳ್ಳೆಯ ಕೈಯಿಂದ ಕೊರಳಿನ ಲಿಂಗ ಹಿಡಿದುಕೊಂಡಳು. ಮನೆ ತೊಳೆಯುತ್ತಾಳೆ, ಹೊರಗೆ ಹಾಕುತ್ತಾಳೆ ಎಂದು ಅವನು ತಲೆ ತಗ್ಗಿಸಿ ನಿಂತ.

"ಇಲಿ?" ಎಂದಳು.

"ನಾನಽ."

"ಮೂರು ದಿನ ನನ್ನ ಅಟ್ಟ ಹತ್ತಿಸಿದಿ." ಆಮೇಲೆ ಅವಳ ಮುಖ ಬದಲಾಯಿತು. "ಹುನಗುಂದದಾವ ಬಂದಿದ್ದನಲ್ಲ. ಅವಗ ನಾನಽ ಕೊಟ್ಟೆ. ಈ ಕೈಲೆ ಕೊಟ್ಟೆ. ಅವಂದು ಏನಾತು?"

ಹೊಳಬಸಪ್ಪ ಹೇಳಿದ. ಸಿದ್ದವ್ವ ಗೋಡೆಯ ಕಡೆ ತಿರುಗಿದಳು.

"ಅಕ್ಬರಸಾಬನ ಕರಿ. ಅಂವ ಏನ ಹಚ್ಚತಾನ ಹಚ್ಚಲಿ, ಅದನ್ನ ನಾ ನಮ್ಮ ಗುರುಗಳಿಗೆ ಹೇಳಿಕೊಳ್ತೇನಿ. ನೀ ಇಲ್ಲಿ ನಿಂದರಬ್ಯಾಡ. ಹುನಗುಂದಕ್ಕ ಹೋಗು."

ಅಕ್ಬರಸಾಬ ಕರೆದ ಕೂಡಲೇ ಬಂದ. ಹೊಳಬಸಪ್ಪ ಆರು ವರ್ಷ ಸಿದ್ಧಮಾಡಿಟ್ಟ ಮಾತು ಹೇಳಲು ಅವನ ಮುಂದೆ ಬಂದು ನಿಂತ. ಅಕ್ಬರಸಾಬ ಅವನನ್ನು ದಾಟಿ ಒಳಗೆ ಹೋಗುತ್ತ, "ಉದ್ದಿನ ಹಿಟ್ಟು ನಿಮ್ಮನ್ಯಾಗ ಐತಲ್ಲ?" ಎಂದಷ್ಟೇ ಕೇಳಿದ.

ಬಸ್ಸು ಇತ್ತು. ಹೊಳಬಸಪ್ಪ ಹತ್ತಲಿಲ್ಲ. ಎಂಟು ಮೈಲು ಓಡಿದ, ಈ ಸಲ ಹಿಂದೆ ಒಂದೂ ನಾಯಿ ಇಲ್ಲದೆ. ಸೈಕಲ್ ಅಂಗಡಿಯಲ್ಲಿ ಗುರಪ್ಪ ಪಂಕ್ಚರ್ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ಹೊಳಬಸಪ್ಪ ಏದುಸಿರಿನಲ್ಲೇ ಎಲ್ಲ ಹೇಳಿದ. ಗುರಪ್ಪ ಟ್ಯೂಬು ಒರೆಸುತ್ತಲೇ ಇದ್ದ.

"ಅವತ್ತ ಎರಡು ಮೈಲು ನಿನ್ನ ಬೆನ್ನ ಹಿಂದ ಓಡಿದೆ," ಎಂದ ಕಡೆಗೆ. "ಅದು ತತ್ತಿ ಅಂತ ನನ್ನ ಮೂಗು ಹೇಳತಿತ್ತು. ಬಾಯಿಬಿಟ್ಟು ಕೇಳೂಣಂತ ಬಸ್ ಹತ್ತಿ ಬಂದೆ. ನೀ ವಿಭೂತಿ ಅಂದಿ." ಟ್ಯೂಬು ಕೆಳಗಿಟ್ಟ. "ನಾ ಮೂಗಿನ ಮಾತು ಬಿಟ್ಟು ನಿನ್ನ ಮಾತು ನಂಬಿದೆ."

ಹೊಳಬಸಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. "ಈಗರೆ ಅಕ್ಬರಸಾಬಗ ತೋರಸೂಣ, ಬಾ."

"ಐದು ವರ್ಷದ ಕಾಲು. ಅಂವ ಪಟ್ಟಿ ಕಟ್ಟತಾನ, ದೇವರಲ್ಲ."

ಹೊತ್ತು ಇಳಿಯುತ್ತಿತ್ತು. ಗುರಪ್ಪ ಅಂಗಡಿಯ ಹಲಗೆ ಹಾಕಿ, "ಕಡೀ ಬಸ್ಸು ಹೋಗತೈತಿ, ನಡಿ," ಎಂದು ತಾನೇ ಮುಂದೆ ಹೊರಟ. ಒಂದು ಕಾಲು ನೆಲಕ್ಕೆ ಬಡಿದರೆ ಇನ್ನೊಂದು ಎಳೆಯುತ್ತಿತ್ತು. ಹೊಳಬಸಪ್ಪನ ಕಾಲುಗಳು ಹಳೆಯ ಚಟಕ್ಕೆ ದಾಟಿ ಹೋಗಲು ನೋಡಿದವು. ಜನ್ಮದಲ್ಲಿ ಮೊದಲ ಸಲ ಅವನು ಅವುಗಳನ್ನು ಜಗ್ಗಿ ಹಿಡಿದ. ಬಸ್ ಸ್ಟ್ಯಾಂಡಿನ ತನಕ ಎರಡು ಮಾರು ಹಿಂದೆಯೇ, ಆ ಎಳೆಯುವ ಕಾಲಿನ ಸಪ್ಪಳ ಕೇಳುತ್ತ ನಡೆದ.

ಬಸ್ಸಿನ ಬಾಗಿಲ ಹತ್ತಿರ ಗುರಪ್ಪ ನಿಂತು ಹಿಂದಿರುಗಿ ನೋಡಿದ. ಬಾಯಿ ತೆರೆದ. ಆದರೆ "ಬಂದ್ಯಾ?" ಎನ್ನಲಿಲ್ಲ.