ಕರಿಹಲಗೆಯ ಎಡಗಡೆ ಗೇಣಗಲ ಜಾಗ

ಬೆಳಗಿನ ಐದೂವರೆ. ಹೊನ್ನಕಟ್ಟೆಯ ಬಸ್ ನಿಲ್ದಾಣದ ಎದುರು ವಾಚನಾಲಯದ ಜಗಲಿಯ ಮೇಲೆ ತೀರ್ಥಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಾರೆ. ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದರಲ್ಲಿ ನೀರಿನ ಚೊಂಬು. ಎದುರಿಗೆ ಗೋಡೆಗೆ ಹೊಡೆದ ಆರಡಿ ಅಗಲದ ಕರಿಹಲಗೆ. ಅದರ ಮೇಲೆ ನಿನ್ನೆಯ ಊರು ಇನ್ನೂ ಹಾಗೇ ಇದೆ: ಒಂದು ಗೃಹಪ್ರವೇಶ, ಸೊಸೈಟಿಗೆ ಯೂರಿಯಾ ಬಂದಿದೆ ಎಂಬ ಸುದ್ದಿ, ಹಣೆಯ ಮೇಲೆ ಬಿಳಿ ಚುಕ್ಕೆಯಿರುವ ಕರು ಕಳೆದಿದೆ ಎಂಬ ಪ್ರಕಟಣೆ. ಎರಡು ಸಲ ಬಟ್ಟೆ ಆಡಿಸಿದರೆ ಗೃಹಪ್ರವೇಶವೂ ಇಲ್ಲ, ಕರುವೂ ಇಲ್ಲ.

"ಕರು ಸಿಕ್ತು ಕಣ್ರೀ. ಎಲ್ಲೂ ಹೋಗಿರ್ಲಿಲ್ಲ, ಪಕ್ಕದ ಮನೆ ಹಿತ್ತಲಲ್ಲೇ ಮೇಯ್ತಾ ಇತ್ತಂತೆ. ಸುಮ್ನೆ ನನ್ನ ಎರಡು ಸಾಲು ದಂಡ" ಎಂದು ನಗುತ್ತಾರೆ.

ಒರೆಸುತ್ತಾ ಬಂದ ಬಟ್ಟೆ ಹಲಗೆಯ ಎಡ ಅಂಚಿನ ಹತ್ತಿರ ತಟ್ಟನೆ ನಿಲ್ಲುತ್ತದೆ. ಅಲ್ಲಿ ಮೇಲಿನಿಂದ ಕೆಳಗೆ ಒಂದು ಗೆರೆ, ಗೆರೆಯ ಆಚೆ ಗೇಣಗಲದ ಜಾಗ. ಅದನ್ನು ಯಾರೂ ಹಾಗೆಲ್ಲ ಒರೆಸುವಂತಿಲ್ಲ. ಕಂದಾಯ ಕಟ್ಟುವ ಕೊನೆಯ ದಿನ, ಶಾಲೆಗೆ ಸೇರಿಸುವ ಕೊನೆಯ ದಿನ, ಮಕ್ಕಳಿಗೆ ಲಸಿಕೆ ಚುಚ್ಚುವವರು ಬರುವ ದಿನ, ಹೀಗೆ ಮರೆತರೆ ತೊಂದರೆಯಾಗುವ ಮಾತುಗಳೆಲ್ಲ ಆ ಗೇಣಗಲದಲ್ಲಿ ಇಷ್ಟಿಷ್ಟು ಚಿಕ್ಕ ಅಕ್ಷರದಲ್ಲಿ ಕೂತಿರುತ್ತವೆ. ದಿನ ತೀರಿದ ಮೇಲೆ ಮಾತ್ರ ಅಳಿಸಬೇಕು.

ಅಜ್ಜಂಪುರದಿಂದ ತರೀಕೆರೆಗೆ ಹೋಗುವ ದಾರಿಯಲ್ಲಿ ಬಸ್ಸು ಐದು ನಿಮಿಷ ನಿಂತು ಹೋಗುವ ಸಂತೆಯ ಊರು ಹೊನ್ನಕಟ್ಟೆ. ದಿನಪತ್ರಿಕೆ ಬೀರೂರಿನಲ್ಲಿ ರೈಲಿಳಿದು, ಬಸ್ಸು ಹತ್ತಿ ಇಲ್ಲಿಗೆ ಮುಟ್ಟುವಾಗ ಹತ್ತು ಗಂಟೆ. ದೆಹಲಿಯ ಸುದ್ದಿ ಹತ್ತಕ್ಕೆ ಬಂದರೂ ಯಾರ ಗಂಟೇನೂ ಹೋಗುವುದಿಲ್ಲ. ಆದರೆ ಮಧ್ಯಾಹ್ನ ಯಾರ ಮನೆಯಲ್ಲಿ ಊಟ, ಯಾವ ಓಣಿಯಲ್ಲಿ ಚರಂಡಿ ಅಗೆಯುತ್ತಾರೆ, ಪಶುವೈದ್ಯರು ಬರುತ್ತಾರೋ ಇಲ್ಲವೋ ಎಂಬುದು ಹಲ್ಲುಜ್ಜುವ ಹೊತ್ತಿಗೇ ಗೊತ್ತಾಗಬೇಕು. ಆರೂಕಾಲಿನ ಮೊದಲ ಬಸ್ಸು ಬರುವುದರೊಳಗೆ ತೀರ್ಥಮ್ಮನ ಬೋರ್ಡು ತಯಾರು. ಅದನ್ನು ಓದದೆ ಬಸ್ಸು ಹತ್ತುವವರು ಪರಊರಿನವರು ಎಂದೇ ಲೆಕ್ಕ.

ದಿನಕ್ಕೆ ಹದಿನೈದರಿಂದ ಇಪ್ಪತ್ತು ಚೀಟಿ ಬರುತ್ತವೆ. ಬೋರ್ಡಿನಲ್ಲಿ ಹಿಡಿಸುವುದು ಹದಿನೇಳು ಸಾಲು. ಸೀಮೆಸುಣ್ಣವನ್ನು ನೀರಿನಲ್ಲಿ ನೆನೆಸಿಟ್ಟು ಬರೆಯುತ್ತಾರೆ. ಬರೆಯುವಾಗ ಮಂಕಾಗಿ ಕಂಡ ಅಕ್ಷರ ಒಣಗಿದ ಮೇಲೆ ಮಲ್ಲಿಗೆ ಮೊಗ್ಗಿನಂತೆ ಬೆಳ್ಳಗೆ ಏಳುತ್ತದೆ. ತಿಂಗಳಿಗೊಮ್ಮೆ ಇದ್ದಿಲ ಪುಡಿಗೆ ತೊಂಡೆ ಸೊಪ್ಪಿನ ರಸ ಹಿಂಡಿ, ಆ ಗೇಣಗಲ ಬಿಟ್ಟು ಉಳಿದ ಹಲಗೆಗೆ ಹೊಸದಾಗಿ ಕಪ್ಪು ಬಳಿಯುವುದೂ ಅವರೇ. ಸಹಿ ಇಲ್ಲದ ಚೀಟಿಯನ್ನು ಮಾತ್ರ ಮುಟ್ಟುವುದಿಲ್ಲ. ಹಿಂದೊಮ್ಮೆ ಯಾರೋ ತಲೆಹರಟೆಗಳು ಮದುವೆಯೊಂದು ನಿಂತುಹೋಗಿದೆ ಎಂದು ಚೀಟಿ ಕೊಟ್ಟು, ಅದು ಬೋರ್ಡಿಗೂ ಏರಿ, ಬೀಗರು ಅರ್ಧ ದಾರಿಯಿಂದ ವಾಪಸು ಹೋಗಿದ್ದರಂತೆ. ಅವತ್ತಿನಿಂದ ಕಾನೂನು ಕಾನೂನೇ. ಪಂಚಾಯಿತಿ ಛೇರ್ಮನ್ನರೇ ಬರಲಿ, ಸಹಿ ಹಾಕಬೇಕು, ತೀರ್ಥಮ್ಮ ಗಟ್ಟಿಯಾಗಿ ಓದಿ ಹೇಳುವುದನ್ನು ನಿಂತು ಕೇಳಬೇಕು, ಆಮೇಲೆ ಬೇಕಾದರೆ ಹೋಗಬಹುದು.

ತೀರ್ಥಮ್ಮನಿಗೆ ಈಗ ಐವತ್ತೆರಡು. ತವರು ಬುಕ್ಕಾಂಬುಧಿ. ಅಲ್ಲಿನ ಶಾಲೆಯಲ್ಲಿ ಐದನೇ ತರಗತಿಯವರೆಗೆ ಓದಿದ್ದೇ ಓದು. ಈ ಬೋರ್ಡು ಶುರು ಮಾಡಿದವರು ವಾಚನಾಲಯ ನೋಡಿಕೊಳ್ಳುತ್ತಿದ್ದ ಅವರ ಯಜಮಾನರು ಗಂಗಾಧರಯ್ಯ. ಅರವತ್ತೆಂಟನೇ ಇಸವಿಯಲ್ಲಿ ಅವರು ಎದೆನೋವೆಂದು ಮಲಗಿದವರು ಏಳಲಿಲ್ಲ. ಅವರ ಶಿವಗಣಾರಾಧನೆಯ ಚೀಟಿಯನ್ನು ಊರಿನ ಹಿರಿಯರು ಸಹಿ ಹಾಕಿ ತಂದರು. ಬರೆಯುವ ಕೈಯೇ ಹೋಗಿದೆಯಲ್ಲ, ಬರೆಯುವವರು ಯಾರು?

"ಮೂರು ದಿನದಿಂದ ಬೋರ್ಡು ಖಾಲಿ ಬಿದ್ದಿತ್ತು. ಅದನ್ನ ನೋಡಕ್ಕೆ ಆಗ್ತಿರ್ಲಿಲ್ಲ ನನ್ಗೆ. ಕೊಡಿ ಇಲ್ಲಿ ಅಂದೆ. ಅಳ್ತಾ ಅಳ್ತಾನೇ ಬರ್ದೆ. ಸಾಲು ಸೊಟ್ಟ ಹೋಯ್ತು, ಆದ್ರೂ ಬರ್ದೆ" ಎನ್ನುತ್ತಾರೆ ತೀರ್ಥಮ್ಮ. ಮಾರನೆಯ ದಿನ ಇನ್ನೊಂದು ಚೀಟಿ ಬಂತು, ಅದರ ಮಾರನೆಯ ದಿನ ನಾಲ್ಕು. ಹೆಂಗಸು ಬೀದಿಯಲ್ಲಿ ನಿಂತು ಬರೆಯುವುದೇ ಎಂದು ಮೂಗು ಮುರಿದವರೂ ತಮ್ಮ ಮಗನ ನಿಶ್ಚಿತಾರ್ಥದ ಚೀಟಿ ತಂದರು. ಹದಿನಾರು ವರ್ಷ ಹೀಗೇ ನಡೆದಿದೆ.

ಊರಿಗೊಂದು ಕಟ್ಟುಪಾಡಿದೆ. ಗೌರಿ ಹಬ್ಬದ ದಿನದಿಂದ ಗಣಪತಿ ಬಿಡುವ ದಿನದವರೆಗೆ ಬೋರ್ಡು ಪೂರ್ತಿ ಗಣಪತಿಯದು. ಹೊಸದಾಗಿ ಕಪ್ಪು ಬಳಿದು, ಸುತ್ತ ಕೆಮ್ಮಣ್ಣಿನ ಗೆರೆ ಎಳೆದು, ಮಾವಿನ ಸೊಪ್ಪು ಕಟ್ಟಿ, ಪೂಜೆ, ಹರಿಕಥೆ, ಭಜನೆ, ಪ್ರಸಾದ ಇಷ್ಟನ್ನೇ ಬರೆಯಬೇಕು. ಸಾವು, ಜಗಳ, ಜಪ್ತಿ, ತಕರಾರು ಯಾವುದೂ ಬರಕೂಡದು. ಈ ಕಟ್ಟುಪಾಡೇ ಕಳೆದ ವರ್ಷ, ಎಂಬತ್ತಮೂರರಲ್ಲಿ, ತೀರ್ಥಮ್ಮನ ನಿದ್ದೆ ಕೆಡಿಸಿತು.

ಕೋಟೆ ಬೀದಿಯಲ್ಲಿ ಒಂದು ಸಿಹಿಬಾವಿ ಇದೆ. ಊರಲ್ಲಿ ಬೋರ್‌ವೆಲ್ ಎರಡಿದ್ದರೂ ಅವುಗಳ ನೀರು ಗಡಸು. ಮೂರು ಸೀಳು ಸೌದೆ ಉರಿಸಿದರೂ ಬೇಳೆ ಬೇಯುವುದಿಲ್ಲ. ಅಡುಗೆಗೂ ಕುಡಿಯುವುದಕ್ಕೂ ಆ ಬೀದಿಯ ಅರವತ್ತು ಮನೆಗೆ ಸಿಹಿಬಾವಿಯೇ ಗತಿ. ತೀರ್ಥಮ್ಮನ ಮನೆಯೂ ಅದರಲ್ಲೊಂದು. ಕಳೆದ ವರ್ಷ ಶ್ರಾವಣದಲ್ಲಿ ಪಂಚಾಯಿತಿಯ ಗುಮಾಸ್ತ ಸೋಮಶೇಖರಪ್ಪ ಒಂದು ನೋಟೀಸು ತಂದುಕೊಟ್ಟ. ಸದರಿ ಬಾವಿಯನ್ನು ಮುಚ್ಚಿ ಆ ಜಾಗದಲ್ಲಿ ಹನ್ನೆರಡು ಮಳಿಗೆಗಳನ್ನು ಕಟ್ಟಲು ಉದ್ದೇಶಿಸಿದೆ, ತಕರಾರಿದ್ದವರು ಮೂವತ್ತು ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ತೀರ್ಥಮ್ಮ ಒಂದಕ್ಷರ ಬಿಡದೆ ಬರೆದರು. ಮೂರು ದಿನದ ನಂತರ ನೋಟೀಸು ಒರೆಸಿ, ಎಡಗಡೆ ಗೇಣಗಲದಲ್ಲಿ ಇಷ್ಟು ಉಳಿಸಿದರು: 'ಸಿಹಿಬಾವಿ. ತಕರಾರಿಗೆ ಕೊನೆ ದಿನ ಸೆಪ್ಟೆಂಬರ್ 16.'

ಬೀದಿಯವರು ಕೂಗಾಡಿದರು, ಬಾವಿಕಟ್ಟೆಯಲ್ಲಿ ಸಭೆ ಮಾಡಿದರು, ಅರ್ಜಿ ಕೊಡೋಣ ಎಂದರು. ಆದರೆ ಕೊಡಲಿಲ್ಲ. ಇನ್ನೂ ದಿನ ಐತಲ್ಲ, ಬೋರ್ಡಲ್ಲಿ ಹಾಕೈತಲ್ಲ ಎಂಬ ಧೈರ್ಯ. ಅಷ್ಟರಲ್ಲಿ ಗೌರಿ ಹಬ್ಬ ಬಂತು. ವಾಡಿಕೆಯಂತೆ ತೀರ್ಥಮ್ಮ ಇದ್ದಿಲು ಅರೆದು ಇಡೀ ಹಲಗೆಗೆ ಕಪ್ಪು ಬಳಿದರು. ಆ ಗೇಣಗಲವೂ ಕಪ್ಪಾಯಿತು.

"ಹದಿನೈದು ವರ್ಷ ಹಂಗೇ ಬಳಿದಿದ್ದೆ. ಆ ಜಾಗದಲ್ಲಿ ಏನೈತೆ ಅಂತ ಕೈಗೆ ಗೊತ್ತಾಗ್ಲೇ ಇಲ್ಲ. ಹಬ್ಬದ ಗಡಿಬಿಡಿ. ಬಳಿದ್ಬಿಟ್ಟೆ" ಎಂದು ಹೇಳುವಾಗ ಈಗಲೂ ಅವರ ಮುಖ ಸಣ್ಣದಾಗುತ್ತದೆ.

ಹಬ್ಬದ ಆರನೆಯ ದಿನ, ಅಂದರೆ ಹದಿನೈದನೇ ತಾರೀಖು ಸಂಜೆ, ಸೋಮಶೇಖರಪ್ಪ ವಾಚನಾಲಯದಲ್ಲಿ ಪತ್ರಿಕೆ ಮಡಿಸುತ್ತಾ ಸಹಜವಾಗಿ ಅಂದ: "ನಿಮ್ಮ ಬೀದಿಯೋರು ಗಟ್ಟಿಗರು ಅಂದ್ಕೊಂಡಿದ್ದೆ ಅಕ್ಕಾ. ಒಂದೇ ಒಂದು ತಕರಾರು ಬಂದಿಲ್ಲ. ನಾಳೆ ಸಂಜೆ ಐದಕ್ಕೆ ಮುಗೀತು, ಸೋಮವಾರ ಅಳತೆಗೆ ಬತ್ತಾರೆ."

ತೀರ್ಥಮ್ಮ ನೇರ ಕೋಟೆ ಬೀದಿಗೆ ಓಡಿದರು. ಬಾವಿಕಟ್ಟೆಯಲ್ಲಿ ಕರಿಬಸಮ್ಮ ನೀರು ಸೇದುತ್ತಿದ್ದರು. ಬೀದಿಯ ಯಾವ ಗಲಾಟೆಯಿದ್ದರೂ ಮುಂದೆ ನಿಲ್ಲುವ ಹೆಂಗಸು.

"ಅರ್ಜಿ ಯಾಕೆ ಕೊಡ್ಲಿಲ್ವೇ ನೀವು?"

"ಯಾತರ ಅರ್ಜಿ? ಅದು ಬಿಟ್ಟೋಯ್ತಲ್ಲ!" ಕರಿಬಸಮ್ಮನಿಗೆ ಆಶ್ಚರ್ಯ. "ನೀನೇ ಅಲ್ವಾ ಬೋರ್ಡಿಂದ ತೆಗೆದಿದ್ದು? ದಿನ ತೀರ್ದೆ ಆ ಕಡೆದು ನೀನು ಅಳ್ಸಲ್ಲ. ಅಳ್ಸಿದೀಯ ಅಂದ್ರೆ ಪಂಚಾಯಿತಿಯೋರೇ ಕೈಬಿಟ್ಟವ್ರೆ ಅಂತ ಬೀದಿಗೆಲ್ಲ ಹೇಳ್ದೆ ನಾನು. ಗಣಪತಿಗೆ ಕಾಯಿ ಬೇರೆ ಒಡೆಸಿದೀವಿ!"

ಅಯ್ಯೋ ಶಿವನೇ! ಯಾರನ್ನು ಬೈಯುವುದು? ತೀರ್ಥಮ್ಮ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು. ಊರು ತನ್ನ ಬೋರ್ಡನ್ನು ಇಷ್ಟು ನಂಬಿದೆಯೆಂದು ಗೊತ್ತಾದದ್ದೂ ಅವತ್ತೇ, ಆ ನಂಬಿಕೆಯೇ ಬಾವಿ ಮುಚ್ಚಿಸಲು ಹೊರಟಿದೆಯೆಂದು ಗೊತ್ತಾದದ್ದೂ ಅವತ್ತೇ.

ಅಲ್ಲಿಂದ ಗಣಪತಿ ಪೆಂಡಾಲಿಗೆ ಹೋದರು. ಸಮಿತಿಯ ಕಾರ್ಯದರ್ಶಿ ದತ್ತಾತ್ರಿಯವರು ನಿವೃತ್ತ ಪೋಸ್ಟ್ ಮಾಸ್ತರು, ಬಹಳ ಶಿಸ್ತಿನವರು. ನಾಳೆ ಒಂದು ದಿನ ಬೋರ್ಡಿನಲ್ಲಿ ಬಾವಿಯ ತಕರಾರಿನ ವಿಷಯ ಬರೆಯಲು ಬಿಡಿ ಎಂದು ತೀರ್ಥಮ್ಮ ಕೇಳಿಕೊಂಡರು.

"ಆಗೋದಿಲ್ಲ ತೀರ್ಥಮ್ಮನವರೇ. ನಿಮ್ಮ ಯಜಮಾನರ ಕಾಲದಲ್ಲೇ ಆದ ತೀರ್ಮಾನ ಅದು. ದೇವರ ಕಾರ್ಯಕ್ರಮದ ಮಧ್ಯೆ ತಕರಾರು ಅನ್ನೋ ಶಬ್ದ ಬೇಡ. ಇವತ್ತು ನಿಮಗೆ ಬಿಟ್ಟರೆ ನಾಳೆ ಇನ್ನೊಬ್ಬರು ಬರ್ತಾರೆ" ಎಂದರು ದತ್ತಾತ್ರಿ. ಅವರ ಮಾತಿನಲ್ಲಿ ತಪ್ಪು ಹುಡುಕುವಂತಿರಲಿಲ್ಲ. ತೀರ್ಥಮ್ಮ ಎದ್ದು ಬಂದರು.

ಮಾರನೆಯ ಬೆಳಿಗ್ಗೆ ಎಂದಿನಂತೆ ಐದೂವರೆಗೆ ಬೋರ್ಡಿನ ಮುಂದೆ ನಿಂತರು. ಮೇಲೆ 'ಶ್ರೀ ಗಣೇಶಾಯ ನಮಃ' ಇದ್ದೇ ಇತ್ತು. ಅದರ ಕೆಳಗೆ ಏಳನೆಯ ದಿನದ ಕಾರ್ಯಕ್ರಮ ಹೀಗೆ ಬಂತು: 'ಬೆಳಿಗ್ಗೆ 8ಕ್ಕೆ ಸಿಹಿಬಾವಿಯ ನೀರಿನಿಂದ ಅಭಿಷೇಕ. ಮಧ್ಯಾಹ್ನ 3ಕ್ಕೆ ಸಿಹಿಬಾವಿ ಸೇವೆ: ಮನೆಗೊಬ್ಬರು, ಕೈಗೊಂದು ಅರ್ಜಿ, ಬಾವಿಕಟ್ಟೆಯಿಂದ ಪಂಚಾಯಿತಿ ಆಫೀಸಿನವರೆಗೆ ಮೆರವಣಿಗೆ. ಇವತ್ತು ತಪ್ಪಿದರೆ ಬಾವಿ ಇಲ್ಲ. ಸಂಜೆ 6ಕ್ಕೆ ಹರಿಕಥೆ, ನಂತರ ಪ್ರಸಾದ.' ತಕರಾರು ಎಂಬ ಶಬ್ದ ಎಲ್ಲಿಯೂ ಇರಲಿಲ್ಲ.

ಏಳು ಗಂಟೆಗೆ ದತ್ತಾತ್ರಿಯವರು ಬಿರಬಿರನೆ ನಡೆದು ಬಂದರು. ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಬೋರ್ಡಿನ ಮುಂದೆ ಜನ ಸೇರಿತ್ತು.

"ಮೂರು ಗಂಟೆಯ ಕಾರ್ಯಕ್ರಮದ ಚೀಟಿ ಯಾರು ಕೊಟ್ಟದ್ದು?" ಎಂದು ಕೇಳಿದರು.

ತೀರ್ಥಮ್ಮ ರವಿಕೆಯೊಳಗಿಂದ ಚೀಟಿ ತೆಗೆದು ಕೊಟ್ಟರು. ಸಹಿ ಇತ್ತು: ತೀರ್ಥಮ್ಮ, ವಾಚನಾಲಯ. ಅಷ್ಟು ವರ್ಷದಲ್ಲಿ ಅವರು ತಮಗೆ ತಾವೇ ಬರೆದುಕೊಂಡ ಮೊದಲ ಚೀಟಿ.

"ಬೋರ್ಡು ಬಿಡ್ಸಿದ್ರೆ ಬಿಡ್ಸಲಿ ಅಂತ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ. ಅಳ್ಸಿದ್ದು ನಾನು, ಬರೀಬೇಕಾದ್ದೂ ನಾನೇ ಅಲ್ವಾ?" ಎಂದು ತೀರ್ಥಮ್ಮ ಈಗ ಹೇಳುತ್ತಾರೆ.

ದತ್ತಾತ್ರಿಯವರು ಚೀಟಿಯನ್ನು ಗಟ್ಟಿಯಾಗಿ ಓದಿದರು, ಥೇಟ್ ತೀರ್ಥಮ್ಮ ಓದುವ ಹಾಗೆ. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಅವರ ಸಹಿಯ ಕೆಳಗೆ 'ಸಮಿತಿಯ ಪರವಾಗಿ' ಎಂದು ಬರೆದು ತಾವೂ ಸಹಿ ಹಾಕಿದರು. "ಅಭಿಷೇಕಕ್ಕೆ ಆ ಬಾವಿ ನೀರೇ ಬೇಕಲ್ಲ, ಇಲ್ಲದಿದ್ದರೆ ಮುಂದಿನ ವರ್ಷ ಗಣಪತಿಗೆ ಬೋರ್ ನೀರೇ?" ಎಂದು ಯಾರೂ ಕೇಳದಿದ್ದರೂ ಸಮಜಾಯಿಷಿ ಕೊಟ್ಟುಕೊಂಡರು. ಹತ್ತು ಗಂಟೆಗೆ ಪೆಂಡಾಲಿನಲ್ಲಿ ಚಾಪೆ ಹಾಕಿ ಕೂತವರು ಮೂರು ಗಂಟೆಯವರೆಗೆ ಮನೆ ಮನೆಯ ಅರ್ಜಿ ಬರೆದುಕೊಟ್ಟರು. ಪೋಸ್ಟಾಫೀಸಿನಲ್ಲಿ ಊರವರ ಕಾಗದ ಬರೆದ ಕೈ, ನಿಲ್ಲಲೇ ಇಲ್ಲ.

ಮೂರಕ್ಕೆ ಡೊಳ್ಳು ಮುಂದೆ, ತುಂಬಿದ ಕೊಡ ಹೊತ್ತ ಕರಿಬಸಮ್ಮ ಅದರ ಹಿಂದೆ, ಇಡೀ ಬೀದಿ ಅವರ ಹಿಂದೆ. ದೇವರ ಸೇವೆಯೆಂದು ಪಕ್ಕದ ಬೀದಿಯವರೂ ಸೇರಿಕೊಂಡರು. ಐದು ಗಂಟೆಯೊಳಗೆ ಐವತ್ತೆಂಟು ಅರ್ಜಿ ಬಿದ್ದವು. ಅದರಲ್ಲಿ ಹತ್ತೊಂಬತ್ತು ಹೆಬ್ಬೆಟ್ಟಿನವು. "ಸೀಲು ಹೊಡ್ದೂ ಹೊಡ್ದೂ ರಟ್ಟೆ ಬಿದ್ದೋಯ್ತು ಅಕ್ಕಾ" ಎಂದು ಸೋಮಶೇಖರಪ್ಪ ಈಗಲೂ ಗೊಣಗುತ್ತಾನೆ. ಅಳತೆಗೆ ಯಾರೂ ಬರಲಿಲ್ಲ. ಮುಂದಿನ ತಿಂಗಳ ಸಭೆಯಲ್ಲಿ ಮಳಿಗೆಗಳ ವಿಷಯವನ್ನು ಮುಂದಿನ ತೀರ್ಮಾನದವರೆಗೆ ತಡೆಹಿಡಿಯಲಾಯಿತು.

ಬೀದಿಯವರು ಸನ್ಮಾನ ಮಾಡಲು ಹಾರ ತಂದಾಗ ತೀರ್ಥಮ್ಮ ಗದರಿದರಂತೆ: "ತಪ್ಪು ಮಾಡಿದೋಳಿಗೆ ಹಾರ ಯಾಕ್ರೇ? ಗಣಪತಿಗೆ ಹಾಕ್ಹೋಗಿ." ಅವರು ಕೇಳಿದ್ದು ಒಂದೇ: ಎಡಗಡೆಯ ಗೇಣಗಲ ಜಾಗವನ್ನು ಹಬ್ಬದಲ್ಲೂ ಬಿಟ್ಟುಕೊಡಬೇಕು. ಸಮಿತಿ ಒಪ್ಪಿ ಬರೆದುಕೊಟ್ಟಿದೆ. ಈ ವರ್ಷ ಕೆಮ್ಮಣ್ಣಿನ ಗೆರೆ ಆ ಅಂಚನ್ನು ಬಿಟ್ಟು, ಈಚೆಯಿಂದ ಸುತ್ತಿಕೊಂಡು ಹೋಗಿದೆ. ಈಗ, ಬೋರ್ಡಿನ ಮೇಲೆ ಮಳೆಯ ಇರಚಲು ಹೊಡೆಯದಂತೆ ಒಂದು ತಗಡು ಹಾಕಿಸಿಕೊಟ್ಟರೆ ಸಾಕು, ಬೇರೇನೂ ಬೇಡ ಎನ್ನುತ್ತಾರೆ.

ಆರೂಕಾಲಿನ ಬಸ್ಸಿನ ಹಾರನ್ ದೂರದಲ್ಲಿ ಕೇಳುತ್ತಿದೆ. ಹದಿನೇಳು ಸಾಲು ಮುಗಿದಿವೆ. ತೀರ್ಥಮ್ಮ ಸೀಮೆಸುಣ್ಣದ ತುಂಡನ್ನು ಮತ್ತೊಮ್ಮೆ ನೀರಿಗದ್ದಿ ಎಡಗಡೆಗೆ ಬರುತ್ತಾರೆ. ಗೇಣಗಲದ ತುತ್ತತುದಿಯಲ್ಲಿ, ನಿನ್ನೆ ಬರೆದದ್ದು ಇನ್ನೂ ಮಾಸದಿದ್ದರೂ, ಅದೇ ಅಕ್ಷರಗಳ ಮೇಲೆ ಮತ್ತೆ ತಿದ್ದುತ್ತಾರೆ: 'ಸಿಹಿಬಾವಿ ಇದೆ.' ಆ ಹದಿನಾರನೇ ತಾರೀಖಿನಿಂದ ಒಂದು ದಿನವೂ ತಪ್ಪಿಲ್ಲ.

ಇರುವ ಬಾವಿಯನ್ನು ಇದೆ ಎಂದು ದಿನಾ ಬರೆಯುವುದು ಏಕೆ ಎಂದರೆ, ಕೈಯ ಸುಣ್ಣ ಒರೆಸಿಕೊಳ್ಳುತ್ತಾ ಹೇಳುತ್ತಾರೆ: "ತಡೆ ಹಿಡ್ದವ್ರೆ ಅಷ್ಟೇ, ಬಿಟ್ಟಿಲ್ಲ. ನನ್ ಬೋರ್ಡಲ್ಲಿ ಇಲ್ಲ ಅಂದ್ರೆ ಮುಗೀತು ಅಂದ್ಕೋತಾರೆ ಕಣ್ರೀ ನಮ್ಮ ಜನ. ನಾನಿರೋಗಂಟ ಅದು ಮುಗಿಯಕ್ಕೆ ಬಿಡಲ್ಲ."